ನಿಮಗಿದು ಗೊತ್ತೆ? ಖಾನಾಪುರದ ಹೊಳೆಯ ಹೆಸರು, ಕಡಲಿನ ಹಾಯಿನೌಕೆಗೆ

ಬೆಳಗಾವಿಯ ಶಿವಬಸವ ನಗರಕ್ಕೆ ಸಮುದ್ರವು ದೂರವೇ ಸರಿ. ಆದರೆ ಅದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಸಹ್ಯಾದ್ರಿಯ ಕಾನನದಲ್ಲಿ ಜನಿಸಿ ಗೋವೆಯಲ್ಲಿ ಮಾಂಡೋವಿ ಎನಿಸಿಕೊಳ್ಳುವ ಮಹದಾಯಿ ನದಿಯ ಹೆಸರನ್ನೇ ಹೊತ್ತು, ಅದೇ ನದಿಯ ದಿವಾರ್ ದ್ವೀಪದಲ್ಲಿ ನಿರ್ಮಿತವಾದ ನೌಕಾಪಡೆಯ ‘ಮ್ಹಾದೇಯಿ’ ಎಂಬ ಹಾಯಿನೌಕೆಯು, 2009–10ರಲ್ಲಿ ದಿಲೀಪ್ ದೋಂದೆಯವರಿಂದಲೂ, 2012–13ರಲ್ಲಿ ಎಲ್ಲಿಯೂ ತಂಗದೆ ಅಭಿಲಾಷ್ ಟಾಮಿಯವರಿಂದಲೂ ಏಕಾಕಿಯಾಗಿ ನಡೆಸಲ್ಪಟ್ಟು ಭೂಪ್ರದಕ್ಷಿಣೆಯನ್ನು ಪೂರೈಸಿತು.

ಹಾಯಿನೌಕೆಯನ್ನು ನಡೆಯಿಸುವವನು ವಾಯುದೇವನೇ ಆದರೂ ದೀಪ, ರೇಡಿಯೋ, ಜಿಪಿಎಸ್‌ಗಳಿಗೆ ವಿದ್ಯುತ್ತು ಬೇಕಷ್ಟೆ. ಅದಕ್ಕೆಂದು ಇಂದಿನ ಅನೇಕ ನಾವಿಕರು ಸೌರಫಲಕಗಳನ್ನೂ ಲಿಥಿಯಂ ಬ್ಯಾಟರಿಗಳನ್ನೂ ಆಶ್ರಯಿಸಿರುವರು.

3.2 ವೋಲ್ಟಿನ ನಾಲ್ಕು ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಕೋಶಗಳನ್ನು ಸಾಲಾಗಿ ಜೋಡಿಸಿದರೆ 12.8 ವೋಲ್ಟಿನ ಬ್ಯಾಟರಿಯಾಗುವುದು. ಅದರ ಧಾರಣ ಸಾಮರ್ಥ್ಯ 100 ಆಂಪಿಯರ್-ಗಂಟೆಯಾದರೆ ಸಂಚಿತವಾಗುವ ಶಕ್ತಿಯು 1.28 ಯೂನಿಟ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡುತ್ತ ಹೋದರೆ ಅದರ ಆಯುಷ್ಯ ಕ್ಷೀಣಿಸುವುದು. ಈ ಲಿಥಿಯಂ ಬ್ಯಾಟರಿಯಲ್ಲಾದರೋ ಐದರಲ್ಲಿ ನಾಲ್ಕು ಪಾಲನ್ನು ನಿಶ್ಚಿಂತೆಯಿಂದ ಬಳಸಬಹುದು.

ಇಷ್ಟಾದರೂ ಮನೆಯ ಮಾಳಿಗೆಯ ಫಲಕಕ್ಕೆ ತೆಂಗಿನ ಗರಿ ಹೇಗೋ, ನೌಕೆಯ ಫಲಕಕ್ಕೆ ಹಾಯಿಯೂ ಅದರ ಕಂಬವೂ ಹಾಗೆಯೇ: ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪಾದನೆಯು ನೆರಳಿನ ಅಳತೆಯನ್ನು ಮೀರಿ ಕುಗ್ಗಬಲ್ಲುದು.