ಭಯದ ನಡುವೆಯೂ ಶಾಂತಿ: ಕಾರ್ಡಿನಲ್ ವಾನ್ ಥುವಾನ್ ಅವರ 13 ವರ್ಷಗಳ ಸೆರೆವಾಸ ನಮಗೆ ಹೇಳುವುದೇನು?

ಭಯವಿಲ್ಲದ ಮನುಷ್ಯನಿಲ್ಲ. ಗಲ್ಫಿನಲ್ಲಿ ದುಡಿಯುತ್ತಿರುವ ಮಗನ ಕೆಲಸ ಎಲ್ಲಿ ಹೋಗುತ್ತದೋ ಎಂಬ ಭಯ ತಾಯಿಗೆ. ಆಸ್ಪತ್ರೆಯ ವರದಿಯಲ್ಲಿ ಏನು ಬರೆದಿದೆಯೋ ಎಂಬ ಭಯ ತಂದೆಗೆ. ಮಕ್ಕಳೆಲ್ಲ ಪರದೇಶ ಸೇರಿದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ವೃದ್ಧ ದಂಪತಿಗೆ ರಾತ್ರಿ ಬಾಗಿಲು ಬಡಿದರೂ ಭಯ. ಸಮುದ್ರಕ್ಕೆ ಹೋದವರು ಮರಳುವ ತನಕ ದಡದಲ್ಲಿರುವವರಿಗೆ ನಿದ್ದೆಯಿಲ್ಲ. ನಾವು ದಿನಾಲೂ ಜಪಸರ ಹೇಳುವವರು, ಭಾನುವಾರದ ಬಲಿಪೂಜೆ ತಪ್ಪಿಸದವರು. ಹಾಗಿದ್ದೂ ನಮಗೇಕೆ ಭಯ? ನಮ್ಮ ವಿಶ್ವಾಸವೇ ಕಡಿಮೆಯಾಯಿತೇ? ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರು ಕೆಲವರು, ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುವವರು ಹಲವರು.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಭಯಪಡುವುದು ಪಾಪವಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೇ ಕಳವಳಗೊಂಡರು, ದುಃಖದಿಂದ ಕುಗ್ಗಿದರು, ಆ ಪಾತ್ರೆ ತಮ್ಮಿಂದ ದೂರವಾಗಲಿ ಎಂದು ಪಿತನಲ್ಲಿ ಬೇಡಿಕೊಂಡರು. ಅವರ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತೆಂದು ಸಂತ ಲೂಕನು ಬರೆಯುತ್ತಾನೆ. ದೇವಪುತ್ರನೇ ಆ ರಾತ್ರಿ ನಡುಗಿದ್ದರೆ ಭಯಪಟ್ಟವನಿಗೆ ವಿಶ್ವಾಸವೇ ಇಲ್ಲವೆಂದು ತೀರ್ಪು ಕೊಡಲು ನಾವು ಯಾರು? ಹೆದರಬೇಡಿ ಎಂಬ ಮಾತು ಬೈಬಲಿನಲ್ಲಿ ಸರಿಯಾಗಿ 365 ಸಲ, ಅಂದರೆ ದಿನಕ್ಕೊಂದರಂತೆ ಇದೆಯೆಂದು ಪ್ರವಚನಗಳಲ್ಲಿ ಹೇಳುವುದುಂಟು. ಎಣಿಸಿ ನೋಡಿದರೆ ಅಷ್ಟು ಸಿಗುವುದಿಲ್ಲ. ಆದರೆ ಅಬ್ರಹಾಮನಿಂದ ಹಿಡಿದು ಮಾತೆ ಮರಿಯಮ್ಮನವರ ತನಕ ದೇವರು ಯಾರನ್ನು ಕರೆದರೂ ಆ ಮಾತು ಬಂದೇ ಬರುತ್ತದೆ. ಹೆದರಿಕೆಯೇ ಇಲ್ಲದವರಿಗೆ ಅದನ್ನು ಹೇಳುವ ಅಗತ್ಯವಿರಲಿಲ್ಲ.

ಕಡಲತೀರದವರಾದ ನಮಗೆ ಸಂತ ಮಾರ್ಕನ ಶುಭಸಂದೇಶದ 4ನೇ ಅಧ್ಯಾಯ ಬೇಗ ಅರ್ಥವಾಗಬೇಕು. ಗಲಿಲೇಯ ಸರೋವರ ಸುಮಾರು 21 ಕಿಲೋಮೀಟರ್ ಉದ್ದ, 13 ಕಿಲೋಮೀಟರ್ ಅಗಲದ ಸಿಹಿನೀರಿನ ಕೆರೆ. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗಿದೆ, ಸುತ್ತ ಬೆಟ್ಟಗಳು. ಎತ್ತರದ ತಣ್ಣನೆಯ ಗಾಳಿ ಕೆಳಗಿನ ಬಿಸಿಗಾಳಿಯ ಮೇಲೆ ಥಟ್ಟನೆ ಇಳಿದಾಗ ನೀರು ಕ್ಷಣದಲ್ಲಿ ಉಕ್ಕುತ್ತದೆ. ದೋಣಿಯಲ್ಲಿದ್ದ ಶಿಷ್ಯರಲ್ಲಿ ನಾಲ್ವರಾದರೂ ಕಸುಬುದಾರ ಮೀನುಗಾರರು. ಅವರಿಗೇ ಭಯವಾಯಿತೆಂದರೆ ಅಪಾಯ ನಿಜವಾಗಿಯೇ ಇತ್ತು. ಯೇಸು ಮಾತ್ರ ಹಿಂಬದಿಯಲ್ಲಿ ತಲೆದಿಂಬಿನ ಮೇಲೆ ನಿದ್ರಿಸುತ್ತಿದ್ದರು. ಶಿಷ್ಯರು ಅವರನ್ನು ಎಬ್ಬಿಸಿ ಗಾಳಿ ನಿಲ್ಲಿಸಿರೆಂದು ಕೇಳಲಿಲ್ಲ; ನಾವು ಸಾಯುವುದು ನಿಮಗೆ ಲೆಕ್ಕಕ್ಕೇ ಇಲ್ಲವೇ ಎಂಬರ್ಥದಲ್ಲಿ ದೂರಿದರು. ಅಲೆಗಿಂತಲೂ ಹೆಚ್ಚಾಗಿ ಅವರನ್ನು ಹೆದರಿಸಿದ್ದು ಈ ಸಂಶಯ. ನಮ್ಮದೂ ಹಾಗೆಯೇ. ಕಾಯಿಲೆ ಬಂದಾಗ ಕಾಯಿಲೆಗಿಂತ ಹೆಚ್ಚು ಕಾಡುವುದು ದೇವರು ನಮ್ಮನ್ನು ಮರೆತರೇ ಎಂಬ ಯೋಚನೆ. ವಿಚಿತ್ರವೆಂದರೆ ಗಾಳಿ ನಿಂತ ಮೇಲೆ ಶಿಷ್ಯರು ಇನ್ನೂ ಹೆಚ್ಚು ಭಯಪಟ್ಟರೆಂದು ಮಾರ್ಕನು ಬರೆಯುತ್ತಾನೆ. ಆ ಭಯ ಬೇರೆ. ಅದು ದೇವರ ಮುಂದೆ ನಿಂತವರ ಭಯಭಕ್ತಿ.

ಇದು ಬೈಬಲಿನ ಕಾಲದ ಮಾತಾಯಿತು, ಈಗಿನ ಕಾಲದಲ್ಲಿ ಯಾರಿಗಾದರೂ ಇಂಥ ಶಾಂತಿ ಸಿಕ್ಕಿದೆಯೇ ಎಂದು ಕೇಳಬಹುದು. ಅದಕ್ಕಾಗಿ ವಿಯೆಟ್ನಾಮಿನ ಕಾರ್ಡಿನಲ್ ಫ್ರಾನ್ಸಿಸ್ ಝೇವಿಯರ್ ನ್ಗುಯೆನ್ ವಾನ್ ಥುವಾನ್ ಅವರ ಜೀವನವನ್ನು ಸ್ವಲ್ಪ ವಿವರವಾಗಿ ನೋಡೋಣ. ಗೋವೆಯಲ್ಲಿ ಪವಡಿಸಿರುವ ನಮ್ಮ ಸಂತ ಫ್ರಾನ್ಸಿಸ್ ಝೇವಿಯರರ ಹೆಸರು ಹೊತ್ತವರು ಅವರು. 1928ರಲ್ಲಿ ಹುಯೆ ನಗರದ ಬಳಿ, ಹಿಂದೆ ವಿಶ್ವಾಸಕ್ಕಾಗಿ ರಕ್ತ ಸುರಿಸಿದ್ದ ಮನೆತನದಲ್ಲಿ ಜನಿಸಿದರು. 1953ರಲ್ಲಿ ಗುರುದೀಕ್ಷೆ, 1967ರಲ್ಲಿ ನ್ಹಾ ಟ್ರಾಂಗ್ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷ ಪದವಿ. 1975ರ ಏಪ್ರಿಲ್‌ನಲ್ಲಿ ಜಗದ್ಗುರು 6ನೇ ಪೌಲರು ಅವರನ್ನು ಸೈಗಾನಿನ ಸಹಾಯಕ ಉತ್ತರಾಧಿಕಾರಿ ಮಹಾಧರ್ಮಾಧ್ಯಕ್ಷರನ್ನಾಗಿ ನೇಮಿಸಿದರು. ಅದಾಗಿ ಒಂದು ವಾರವೂ ಕಳೆಯಲಿಲ್ಲ, ಏಪ್ರಿಲ್ 30ರಂದು ಸೈಗಾನ್ ಕಮ್ಯುನಿಸ್ಟ್ ಪಡೆಗಳ ವಶವಾಯಿತು. ಅವರ ಸೋದರಮಾವ ನ್ಗೋ ದಿನ್ ಜಿಯೆಮ್ ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷರಾಗಿದ್ದು 1963ರ ಸೇನಾ ದಂಗೆಯಲ್ಲಿ ಕೊಲೆಯಾದವರು. ಹೊಸ ಸರ್ಕಾರ ಇವರನ್ನು ಸುಮ್ಮನೆ ಬಿಡುವುದು ಸಾಧ್ಯವಿರಲಿಲ್ಲ. ಆಗಸ್ಟ್ 15, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ ಅವರನ್ನು ಬಂಧಿಸಲಾಯಿತು. ವಿಚಾರಣೆ ಇಲ್ಲ, ಶಿಕ್ಷೆಯ ಅವಧಿಯೂ ಇಲ್ಲ. ಜೇಬಿನಲ್ಲಿ ಜಪಸರ ಒಂದೇ.

ಅಲ್ಲಿಂದ 13 ವರ್ಷ ಸೆರೆ. ಅದರಲ್ಲಿ 9 ವರ್ಷ ಒಂಟಿ ಕೋಣೆಯಲ್ಲಿ. ಒಂದು ಜೈಲಿನಲ್ಲಿ ಅವರಿದ್ದ ಕೋಣೆಗೆ ಕಿಟಕಿಯೇ ಇರಲಿಲ್ಲ. ಕೆಲವು ದಿನ ಹಗಲೂ ರಾತ್ರಿ ದೀಪ ಉರಿಯುತ್ತಿತ್ತು, ಇನ್ನು ಕೆಲವು ದಿನ ಪೂರ್ತಿ ಕತ್ತಲೆ. ತೇವಕ್ಕೆ ಚಾಪೆಯ ಮೇಲೆ ಅಣಬೆ ಹುಟ್ಟುತ್ತಿದ್ದವು. ಉಸಿರುಗಟ್ಟಿದಾಗ ಬಾಗಿಲ ಕೆಳಗಿನ ಸಣ್ಣ ತೂತಿನ ಬಳಿ ನೆಲಕ್ಕೆ ಮುಖವಿಟ್ಟು ಗಾಳಿ ಸೇವಿಸುತ್ತಿದ್ದರು.

ಇಷ್ಟಾದರೂ ಅವರನ್ನು ಹೆಚ್ಚು ಹಿಂಡಿದ್ದು ದೇಹದ ಕಷ್ಟವಲ್ಲ. ಆಗ ಅವರಿಗೆ 47-48 ವಯಸ್ಸು. ಕೆಲಸ ಮಾಡುವ ಪ್ರಾಯ. 8 ವರ್ಷ ದುಡಿದು ಕಟ್ಟಿದ ಗುರುಮಠಗಳು, ತರಬೇತುಗೊಳಿಸಿದ ಯುವಕರು, ಶಾಲೆಗಳು, ಮಿಷನ್ ಕೇಂದ್ರಗಳು ಎಲ್ಲವೂ ಏನಾಗುತ್ತವೋ ಎಂಬ ಆತಂಕ ಅವರಿಗೆ ನಿದ್ದೆ ಕೊಡಲಿಲ್ಲ. ಆ ತಳಮಳದ ಒಂದು ರಾತ್ರಿ ಅವರ ಅಂತರಂಗದಲ್ಲಿ ಒಂದು ಅರಿವು ಮೂಡಿತು: ದೇವರು ಬೇರೆ, ದೇವರ ಕೆಲಸಗಳು ಬೇರೆ. ಕೆಲಸಗಳೆಲ್ಲ ಒಳ್ಳೆಯವೇ, ದೇವರಿಗಾಗಿಯೇ ಮಾಡಿದವು. ಆದರೆ ಅವು ದೇವರಲ್ಲ. ಅವನ್ನು ಬಿಟ್ಟುಕೊಡು ಎಂದು ದೇವರೇ ಕೇಳಿದರೆ ಬಿಟ್ಟುಕೊಡಬೇಕು. ಬೇಕಿದ್ದರೆ ಅವರೇ ಬೇರೆಯವರಿಂದ ಮಾಡಿಸಿಕೊಳ್ಳುತ್ತಾರೆ. ಅಂದಿನಿಂದ ಒಂದು ಹೊಸ ಶಾಂತಿ ತಮ್ಮಲ್ಲಿ ನೆಲೆಸಿತೆಂದು ಅವರು ಮುಂದೆ ಹಲವು ಕಡೆ ಸಾಕ್ಷಿ ಹೇಳಿದ್ದಾರೆ.

ಈ ಮಾತು ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವವರಿಗೆ ನೇರವಾಗಿ ತಟ್ಟಬೇಕು. ಪಾಲನಾ ಮಂಡಳಿ, ವಾಳೆ, ಸಂಘ ಸಂಸ್ಥೆ, ಗಾಯನ ಮಂಡಳಿ, ಹಬ್ಬದ ಸಮಿತಿ ಎಂದು ಓಡಾಡುವ ನಮ್ಮಲ್ಲಿ ಎಷ್ಟು ಮಂದಿಗೆ ಅಧಿಕಾರ ಬೇರೆಯವರಿಗೆ ಹೋದರೆ ಎಂಬ ಭಯವಿಲ್ಲ? ನಾನಿಲ್ಲದಿದ್ದರೆ ಇದು ನಡೆಯುವುದೇ ಇಲ್ಲ ಎಂಬ ಚಿಂತೆ ಮೇಲ್ನೋಟಕ್ಕೆ ಭಕ್ತಿಯಂತೆ ಕಾಣುತ್ತದೆ. ಮಕ್ಕಳ ವಿಷಯದಲ್ಲೂ ತಂದೆತಾಯಂದಿರು ಇದನ್ನೇ ಯೋಚಿಸಬಹುದು. ಮಕ್ಕಳು ದೇವರ ವರದಾನ, ಸರಿ. ಆದರೆ ವರದಾನವನ್ನೇ ಹಿಡಿದುಕೊಂಡು ಕೊಟ್ಟವರನ್ನು ಮರೆತರೆ ಕೈ ಸಡಿಲವಾದೊಡನೆ ಭಯ ಶುರು.

1976ರ ಡಿಸೆಂಬರಿನಲ್ಲಿ ಅವರನ್ನು ಸುಮಾರು 1,500 ಕೈದಿಗಳೊಂದಿಗೆ ಹಡಗಿನ ತಳದಲ್ಲಿ ತುಂಬಿ, ಇಬ್ಬಿಬ್ಬರಿಗೆ ಒಂದೊಂದು ಸರಪಳಿ ಬಿಗಿದು ಉತ್ತರಕ್ಕೆ ಒಯ್ಯಲಾಯಿತು. (1784ರಿಂದ 1799ರ ತನಕ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ನಮ್ಮ ಹಿರಿಯರನ್ನು ನೆನೆಯುವವರಿಗೆ ಈ ಪಯಣದ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.) ಆ ಹಡಗಿನಲ್ಲಿ ಎತ್ತ ನೋಡಿದರೂ ಹತಾಶೆ. ಪ್ರಾಣ ಬಿಡಲು ಹೊರಟಿದ್ದ ಒಬ್ಬ ಕೈದಿಯ ಪಕ್ಕ ಕುಳಿತು ಮಾತನಾಡಿ ಅವರು ಅವನನ್ನು ಉಳಿಸಿದರು. ಇದೇ ನನ್ನ ಪ್ರಧಾನಾಲಯ, ಇವರೇ ನನಗೆ ವಹಿಸಿದ ಜನ ಎಂದು ಅವರಿಗೆ ಹೊಳೆಯಿತು. ತನ್ನ ಭಯದ ಕಡೆಗೇ ನೋಡುತ್ತಿದ್ದವರು ಪಕ್ಕದವನ ಭಯದ ಕಡೆ ತಿರುಗಿದಾಗ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನಮಗೆ ಗೊತ್ತಿಲ್ಲ.

ಸೆರೆಮನೆಯಲ್ಲಿ ಬಲಿಪೂಜೆ ಹೇಗೆ? ಬಟ್ಟೆ ಮತ್ತು ಅಗತ್ಯದ ವಸ್ತುಗಳಿಗಾಗಿ ಮನೆಗೆ ಬರೆಯಲು ಅನುಮತಿ ಸಿಕ್ಕಾಗ ಹೊಟ್ಟೆನೋವಿಗೆ ಔಷಧವಾಗಿ ಸ್ವಲ್ಪ ದ್ರಾಕ್ಷಾರಸ ಕಳುಹಿಸಿ ಎಂದು ಬರೆದರು. ಮನೆಯವರಿಗೆ ಅರ್ಥವಾಯಿತು. ಔಷಧವೆಂದು ಚೀಟಿ ಅಂಟಿಸಿದ ಸಣ್ಣ ಬಾಟಲಿ, ಟಾರ್ಚಿನೊಳಗೆ ಅಡಗಿಸಿದ ಓಸ್ತಿಗಳು ಬಂದವು. ಅಂಗೈಯೇ ಪೀಠ, ಅಂಗೈಯೇ ಪೂಜಾಪಾತ್ರೆ. 3 ಹನಿ ದ್ರಾಕ್ಷಾರಸ, 1 ಹನಿ ನೀರು. ಶಿಬಿರದಲ್ಲಿ 50 ಮಂದಿ ಒಂದೇ ಕಡೆ ಮಲಗುತ್ತಿದ್ದ ದಿನಗಳಲ್ಲಿ ದೀಪ ಆರಿದ ಮೇಲೆ ಬಗ್ಗಿ ಕುಳಿತು ಬಾಯಿಪಾಠವಾಗಿ ಪೂಜೆ ಅರ್ಪಿಸಿ, ಸೊಳ್ಳೆಪರದೆಯ ಅಡಿಯಿಂದ ಕೈಚಾಚಿ ಪಕ್ಕದ ಕಥೋಲಿಕರಿಗೆ ಪರಮಪ್ರಸಾದ ಕೊಡುತ್ತಿದ್ದರು. ಸಿಗರೇಟ್ ಪೊಟ್ಟಣದ ಕಾಗದದಲ್ಲಿ ಸುತ್ತಿದ ಪರಮಪ್ರಸಾದವನ್ನು ಕೈದಿಗಳು ಜೇಬಿನಲ್ಲಿಟ್ಟುಕೊಂಡು ರಾತ್ರಿ ಸರದಿಯಂತೆ ಆರಾಧನೆ ಮಾಡುತ್ತಿದ್ದರು. ಹತ್ತು ನಿಮಿಷದ ದಾರಿಯಲ್ಲಿ ಇಗರ್ಜಿ ಇದ್ದೂ ಆರಾಧನೆಗೆ ಪುರುಸೊತ್ತಿಲ್ಲವೆನ್ನುವ ನಾವು ಇದನ್ನು ಓದಿ ಮುಂದೆ ಹೋಗುವುದು ಸ್ವಲ್ಪ ಕಷ್ಟ.

ಆದರೂ ಅವರನ್ನು ಭಯವೇ ಮುಟ್ಟದ ವೀರರನ್ನಾಗಿ ಚಿತ್ರಿಸುವುದು ತಪ್ಪಾಗುತ್ತದೆ. ಕಾಯಿಲೆ, ಹಸಿವು, ಆಯಾಸದಿಂದ ಒಂದು ಪ್ರಾರ್ಥನೆಯನ್ನೂ ಹೇಳಲಾಗದ ದಿನಗಳಿದ್ದವೆಂದು ಅವರೇ ಒಪ್ಪಿಕೊಂಡಿದ್ದಾರೆ. ಬಿಡುಗಡೆಯ ದಿನವನ್ನೇ ಕಾಯುತ್ತ ಕೂರಬಾರದು, ಈ ಕ್ಷಣವನ್ನು ಪ್ರೀತಿಯಿಂದ ತುಂಬಬೇಕು ಎಂಬುದೇ ಅವರು ಹಿಡಿದುಕೊಂಡ ದಾರಿ. ಬಂಧನದ ಮೊದಲ ತಿಂಗಳುಗಳಲ್ಲಿ ಒಬ್ಬ 7 ವರ್ಷದ ಹುಡುಗ ತಂದುಕೊಟ್ಟ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಪ್ರತಿ ರಾತ್ರಿ ತಮ್ಮ ಜನರಿಗೆ ಚಿಕ್ಕ ಚಿಕ್ಕ ಸಂದೇಶ ಬರೆದರು. ಹುಡುಗನ ಅಣ್ಣ ಅಕ್ಕಂದಿರು ನಕಲು ಮಾಡಿ ಹಂಚಿದರು. ಹಾಗೆ ಹುಟ್ಟಿದ 1,001 ಚಿಂತನೆಗಳು ಇಂದು ‘ಭರವಸೆಯ ಹಾದಿ’ ಎಂಬರ್ಥದ ಹೆಸರಿನಲ್ಲಿ ಅನೇಕ ಭಾಷೆಗಳಲ್ಲಿವೆ.

ಯೇಸುಸ್ವಾಮಿ ವಾಗ್ದಾನ ಮಾಡಿದ ಶಾಂತಿ ಲೋಕ ಕೊಡುವಂಥದ್ದಲ್ಲ ಎಂದು ಸಂತ ಯೊವಾನ್ನನ 14ನೇ ಅಧ್ಯಾಯದಲ್ಲಿ ಓದುತ್ತೇವೆ. ಅದನ್ನು ಹೇಳಿದ್ದು ಅವರು ಸಾಯುವ ಹಿಂದಿನ ರಾತ್ರಿ ಎಂಬುದನ್ನು ಮರೆಯುವುದು ಬೇಡ. ಶಾಲೋಮ್ ಎಂಬ ಹೀಬ್ರೂ ಪದಕ್ಕೆ ಗದ್ದಲವಿಲ್ಲದಿರುವುದು ಎಂದಷ್ಟೇ ಅರ್ಥವಲ್ಲ; ಪೂರ್ಣತೆ, ಕ್ಷೇಮ, ಮುರಿಯದ ಸಂಬಂಧ ಎಂಬೆಲ್ಲ ಅರ್ಥಗಳಿವೆ. ಯಾವುದಕ್ಕೂ ಚಿಂತಿಸದೆ ಎಲ್ಲವನ್ನೂ ಕೃತಜ್ಞತೆಯಿಂದ ದೇವರ ಮುಂದಿಡಬೇಕೆಂದು ಫಿಲಿಪ್ಪಿಯರಿಗೆ ಸಂತ ಪೌಲರು ಬರೆದದ್ದೂ ಸೆರೆಯಿಂದಲೇ. ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ನಾವು ಪರಸ್ಪರ ಹಂಚಿಕೊಳ್ಳುವುದು ಈ ಶಾಂತಿಯನ್ನೇ. ಕೈಮುಗಿದು ಅತ್ತಿತ್ತ ತಲೆಯಾಡಿಸಿ ಮುಗಿಸುವಷ್ಟು ಸಣ್ಣ ವಿಷಯ ಅದಲ್ಲ.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಜನರ ಭಯವನ್ನೇ ಬಂಡವಾಳ ಮಾಡಿಕೊಳ್ಳುವ ಪ್ರಾರ್ಥನಾ ಕೂಟಗಳಿವೆ. ಪೂರ್ವಜರ ಶಾಪ, ಮಾಟ, ಮನೆಯ ದೋಷ ಎಂದು ಹೆದರಿಸಿ, ಬಳಿಕ ಪರಿಹಾರ ಹೇಳುವುದು ಕ್ರಿಸ್ತನ ರೀತಿಯಲ್ಲ. ಹಾಗೆಯೇ, ಎದೆ ಬಡಿತ, ನಿದ್ರಾಹೀನತೆ, ಕಾರಣವಿಲ್ಲದ ಗಾಬರಿ ವಾರಗಟ್ಟಲೆ ಬಿಡದಿದ್ದರೆ ಅದು ಕಾಯಿಲೆಯಿರಬಹುದು. ಅಂಥವರಿಗೆ ಇನ್ನಷ್ಟು ಪ್ರಾರ್ಥಿಸಿ ಎಂದಷ್ಟೇ ಹೇಳಿ ಕಳುಹಿಸುವುದು ಕ್ರೂರತನ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವನನ್ನು ಯಾರೂ ಅವಿಶ್ವಾಸಿ ಎನ್ನುವುದಿಲ್ಲ. ಮನೋವೈದ್ಯರನ್ನು ಕಾಣಲು ನಾಚಿಕೆಪಡುವವರಿಗೆ 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ ಇದೆ; 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವಾಳೆಯ ಮುಖಂಡರು ಈ ಸಂಖ್ಯೆಯನ್ನು ಮನೆಭೇಟಿಯ ಸಮಯದಲ್ಲಿ ತಿಳಿಸಿದರೆ ಅದೂ ಪ್ರೇಷಿತ ಕಾರ್ಯವೇ.

ವಾನ್ ಥುವಾನ್ ಅವರ ಕಾವಲುಗಾರರ ಕಥೆ ಸ್ವಾರಸ್ಯಕರ. ಅವರ ಸಹವಾಸದಿಂದ ಕೆಟ್ಟುಹೋಗಬಾರದೆಂದು ಮೊದಲು ಎರಡು ವಾರಕ್ಕೊಮ್ಮೆ ಕಾವಲಿನವರನ್ನು ಬದಲಿಸುತ್ತಿದ್ದರು. ಹೀಗೇ ಬದಲಿಸುತ್ತ ಹೋದರೆ ಇಡೀ ಪೊಲೀಸ್ ಪಡೆಯೇ ಕೆಟ್ಟೀತು ಎಂದು ಬಳಿಕ ನಿಲ್ಲಿಸಿದರು! ಮಾತನಾಡದಿದ್ದ ಕಾವಲುಗಾರರಿಗೆ ಅವರು ನಗುಮುಖ ತೋರಿದರು, ತಾವು ಕಂಡ ದೇಶಗಳ ಬಗ್ಗೆ ಹೇಳಿದರು, ಫ್ರೆಂಚ್, ಇಂಗ್ಲಿಷ್ ಕಲಿಸಿದರು. ಕೊನೆಕೊನೆಗೆ ಮಂತ್ರಿಯೊಬ್ಬರು ಏನು ಬೇಕೆಂದು ಕೇಳಿದಾಗ, ಮೂವರು ಜಗದ್ಗುರುಗಳ ಮತ್ತು ಸೋವಿಯತ್ ಪಕ್ಷದ ನಾಲ್ವರು ಪ್ರಧಾನ ಕಾರ್ಯದರ್ಶಿಗಳ ಕಾಲ ಸೆರೆಯಲ್ಲಿದ್ದಾಯಿತು, ಇನ್ನು ಬಿಡುಗಡೆ ಬೇಕು ಎಂದರಂತೆ. 1988ರ ನವೆಂಬರ್ 21, ಮಾತೆ ಮರಿಯಮ್ಮನವರ ಸಮರ್ಪಣೆಯ ಹಬ್ಬದಂದು ಅವರು ಹೊರಬಂದರು.

ಮುಂದೆ ರೋಮಿನಲ್ಲಿ ನೆಲೆಸಿ, 1998ರಿಂದ ನ್ಯಾಯ ಮತ್ತು ಶಾಂತಿಯ ಪರಮಪೀಠೀಯ ಮಂಡಳಿಯ ಅಧ್ಯಕ್ಷರಾದರು. 2000ದ ತಪಸ್ಸುಕಾಲದಲ್ಲಿ ಜಗದ್ಗುರು 2ನೇ ಜಾನ್ ಪೌಲರಿಗೇ ಧ್ಯಾನಕೂಟ ನಡೆಸಿಕೊಟ್ಟರು. 2001ರಲ್ಲಿ ಕಾರ್ಡಿನಲ್ ಪದವಿ; 2002ರ ಸೆಪ್ಟೆಂಬರ್ 16ರಂದು ಕ್ಯಾನ್ಸರಿನಿಂದ ದೈವಾಧೀನರಾದರು. 2017ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರನ್ನು ಪೂಜ್ಯರೆಂದು ಘೋಷಿಸುವ ಆಜ್ಞಾಪತ್ರಕ್ಕೆ ಅನುಮತಿ ನೀಡಿದರು.

ಅವರ ಎದೆಯ ಮೇಲಿದ್ದ ಶಿಲುಬೆ ಚಿನ್ನದ್ದಲ್ಲ. ಸೆರೆಯಲ್ಲಿ ಸೌದೆ ಕಡಿಯುವಾಗ ಕಾವಲುಗಾರನ ಅಪ್ಪಣೆ ಪಡೆದು ಕೆತ್ತಿಕೊಂಡ ಮರದ ತುಂಡು ಅದು. ತಪಾಸಣೆಯಲ್ಲಿ ಸಿಗಬಾರದೆಂದು ಸೋಪಿನೊಳಗೆ ಹುದುಗಿಸಿಟ್ಟಿದ್ದರು. ಸರ ಮಾಡಿದ್ದು ಕರೆಂಟಿನ ತಂತಿಯಿಂದ. ತಂತಿ ಕೇಳಿದಾಗ ಕಾವಲುಗಾರನಿಗೇ ಭಯವಾಯಿತು, ಈ ಕೈದಿ ಪ್ರಾಣ ಕಳೆದುಕೊಳ್ಳಬಹುದು ಎಂದು. ಕೊನೆಗೆ ಅವನೇ ತಂತಿ ಮತ್ತು ಇಕ್ಕಳ ತಂದು, ಜೊತೆಯಲ್ಲಿ ಕುಳಿತು, ಕೊಂಡಿ ಕೊಂಡಿಯಾಗಿ ಬಾಗಿಸಿ ಸರ ಮುಗಿಸಿಕೊಟ್ಟ.