ಹಳೆಯ ಕಾರು ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ



ಕಾರು ಈಗ ಸಿರಿವಂತರ ಸೊತ್ತು ಮಾತ್ರವಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಬೇಕಾದಾಗ, ವಯಸ್ಸಾದ ತಂದೆತಾಯಿಯನ್ನು ಭಾನುವಾರದ ಪೂಜೆಗೆ ಕರೆತರಬೇಕಾದಾಗ ಅದರ ಅವಶ್ಯಕತೆ ತಿಳಿಯುತ್ತದೆ. ಹೊಸ ಕಾರು ಕೈಗೆಟುಕದಿದ್ದರೆ ಸೆಕೆಂಡ್ ಹ್ಯಾಂಡ್ ಕಾರಿನ ಯೋಚನೆ ಬರುವುದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆನೆ ಕೊಂಡರೆ ಸಾಲದು, ಅದಕ್ಕೆ ಮೇವನ್ನೂ ಹಾಕಬೇಕು. ಕಾರಿನ ಮಾತೂ ಹಾಗೆಯೇ.

ಹಾಸನೂರು, ತಾಳವಾಡಿ ಸೀಮೆಯ ನಮಗೆ ಇನ್ನೊಂದು ತೊಡಕು ಇದೆ. ನಮ್ಮ ಮಾತು ಕನ್ನಡ, ಸಂತೆ-ಸಂಬಂಧ ಚಾಮರಾಜನಗರ, ಮೈಸೂರಿನ ಕಡೆ. ಆದರೆ ರೇಷನ್ ಕಾರ್ಡು, ವಿಳಾಸ ತಮಿಳುನಾಡಿನದು. ಪುಣಜನೂರು ಚೆಕ್‌ಪೋಸ್ಟ್ ದಾಟಿದರೆ ಕಾರು ಅಗ್ಗಕ್ಕೆ ಸಿಗುತ್ತದೆಂದು ದಲ್ಲಾಳಿ ಹೇಳುತ್ತಾನೆ. ಆ ಅಗ್ಗ ನಿಜವೇ ಎಂಬುದನ್ನು ಅಡ್ವಾನ್ಸ್ ಕೊಡುವ ಮೊದಲೇ ನೋಡಬೇಕು.

ಗಡಿ ದಾಟಿದ ಕಾರಿಗೆ ಎರಡನೇ ತೆರಿಗೆ

ರಸ್ತೆ ತೆರಿಗೆ ಆಯಾ ರಾಜ್ಯದ್ದು. ಕರ್ನಾಟಕದಲ್ಲಿ ಮೊದಲ ಮಾಲೀಕರು ಜೀವಿತಾವಧಿ ತೆರಿಗೆ ಕಟ್ಟಿದ್ದರೂ ಅದು ತಮಿಳುನಾಡಿಗೆ ಸಲ್ಲುವುದಿಲ್ಲ. ಕೆಎ 10 ಸಂಖ್ಯೆಯ ಕಾರನ್ನು ಇಲ್ಲಿನ ವಿಳಾಸದವರ ಹೆಸರಿಗೆ ಮಾಡಿಸುವಾಗ ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಮುಖ್ಯ ಸಂಗತಿ ಏನೆಂದರೆ, ಈ ತೆರಿಗೆ ನೀವು ಕೊಟ್ಟ ಬೆಲೆಯ ಮೇಲಲ್ಲ; ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ, ಅದರ ವಯಸ್ಸಿಗೆ ತಕ್ಕ ದರದಲ್ಲಿ. 2023ರ ನವೆಂಬರ್‌ನಲ್ಲಿ ತಮಿಳುನಾಡು ಹೊಸ ಕಾರುಗಳ ತೆರಿಗೆಯನ್ನು 5 ಲಕ್ಷದವರೆಗೆ ಶೇ. 12, 5ರಿಂದ 10 ಲಕ್ಷಕ್ಕೆ ಶೇ. 13 ಎಂದು ಏರಿಸಿತು. ಕಾರಿಗೆ ವಯಸ್ಸಾದಂತೆ ಶೇಕಡಾವಾರು ಇಳಿಯುತ್ತದೆ, ಆದರೆ ಇಲ್ಲವಾಗುವುದಿಲ್ಲ.

ಒಂದು ಉದಾಹರಣೆ ನೋಡೋಣ. ಹೊಸದಾಗಿದ್ದಾಗ 6 ಲಕ್ಷದ ಕಾರು ಚಾಮರಾಜನಗರದಲ್ಲಿ 2 ಲಕ್ಷಕ್ಕೆ ಸಿಕ್ಕಿತು ಎನ್ನಿ. ಲೆಕ್ಕಕ್ಕಾಗಿ ದರ ಶೇ. 8 ಎಂದು ಇಟ್ಟುಕೊಂಡರೆ ತೆರಿಗೆಯೇ 48,000 ರೂ. (ನಿಮ್ಮ ಕಾರಿನ ನಿಜವಾದ ದರವನ್ನು ಆರ್.ಟಿ.ಓ. ಕಚೇರಿಯಲ್ಲೇ ಕೇಳಿ.) ವರ್ಗಾವಣೆ, ವಿಮೆ, ಸಣ್ಣಪುಟ್ಟ ರಿಪೇರಿಗೆ 30,000 ಸೇರಿದರೆ ಒಟ್ಟು 2,78,000. ಅಂಥದೇ ಕಾರು ಸತ್ಯಮಂಗಲದಲ್ಲಿ, ಇಲ್ಲಿನ ತೆರಿಗೆ ಆಗಲೇ ಕಟ್ಟಿದ್ದು, 2,30,000ಕ್ಕೆ ಸಿಕ್ಕರೆ ಖರ್ಚೆಲ್ಲ ಸೇರಿ 2,60,000. ಕೇಳಿದ ಬೆಲೆಯಲ್ಲಿ ದುಬಾರಿಯಾಗಿದ್ದ ಕಾರೇ ಕೊನೆಗೆ ಅಗ್ಗ!

ಹೊರರಾಜ್ಯಕ್ಕೆ ಹೋದ ಕಾರಿನ ತೆರಿಗೆಯಲ್ಲಿ ಒಂದು ಪಾಲನ್ನು ಹಳೆಯ ರಾಜ್ಯದಿಂದ ವಾಪಸು ಕೇಳುವ ಅವಕಾಶವಿದೆ. ಅದು ಯಾರ ಕೈಗೆ ಎಂಬುದನ್ನು ಮಾರುವವರೊಡನೆ ಮೊದಲೇ ಬರೆದಿಟ್ಟುಕೊಳ್ಳಿ.

‘ಹೆಸರು ಆಮೇಲೆ ಬದಲಾಯಿಸೋಣ’ ಬೇಡ

ತೆರಿಗೆ ಉಳಿಸಲೆಂದು ಕೆಲವರು ಹಳೆಯ ಮಾಲೀಕರ ಹೆಸರಿನಲ್ಲೇ ವರ್ಷಗಟ್ಟಲೆ ಓಡಿಸುತ್ತಾರೆ. ಇದು ಅಪಾಯ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಕೊಂಡವರು 30 ದಿನಗಳೊಳಗೆ ವರ್ಗಾವಣೆ ತಿಳಿಸಬೇಕು. ಬೇರೆ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ತೆರಿಗೆಗೆ ಈ 12 ತಿಂಗಳ ಬಿಡುವು ಅನ್ವಯಿಸುತ್ತದೆಂದು ತಿಳಿಯಬೇಡಿ.

ಅಪಘಾತವಾದರೆ? ಹಲವು ಕೈ ಬದಲಾಗಿಯೂ ಹೆಸರು ಬದಲಾಗದ ಕಾರೊಂದರ ಮೊಕದ್ದಮೆಯಲ್ಲಿ, ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಹೇಳಿತು. ಆದ್ದರಿಂದ ಮಾರುವವರೂ ಎಚ್ಚರದಿಂದಿರಬೇಕು. ಕೊಂಡವರು 14 ದಿನಗಳೊಳಗೆ ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲವಾದರೆ ಸ್ವಂತ ಕಾರಿಗಾದ ನಷ್ಟ ಕೈಸೇರುವುದು ಕಷ್ಟ.

ಬೇಕಾದ ಕಾಗದಗಳು: ಮೂಲ ಆರ್.ಸಿ., ಹಳೆಯ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ (ನಮೂನೆ 28ರಲ್ಲಿ ಅರ್ಜಿ), ಇಬ್ಬರ ಸಹಿಯ ನಮೂನೆ 29 ಮತ್ತು 30, ಹೊಸ ಸಂಖ್ಯೆಗೆ ನಮೂನೆ 27. ಬ್ಯಾಂಕ್ ಸಾಲವಿದ್ದರೆ ಅದು ತೀರಿದ್ದಕ್ಕೆ ನಮೂನೆ 35. ಬಾಕಿ ದಂಡವಿದೆಯೇ ಎಂದೂ ನೋಡಿ. ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ವಯಸ್ಸು ನೋಡಿ, ದಾರಿ ನೋಡಿ

ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ. 13 ವರ್ಷದ ಕಾರು ಕೊಂಡರೆ ಎರಡೇ ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 5,000 ರೂ.ಗೆ ಏರಿತು. ಜೊತೆಗೆ ಹಸಿರು ತೆರಿಗೆಯೂ ಇದೆ.

ನಮ್ಮ ದಾರಿ ಬಯಲುಸೀಮೆಯದಲ್ಲ. ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳು ಬ್ರೇಕು, ಕ್ಲಚ್ಚು, ಟೈರುಗಳನ್ನು ಬೇಗ ತಿನ್ನುತ್ತವೆ. ಏರಿನಲ್ಲಿ ಇಂಜಿನ್ ಕಾಯುತ್ತದೆ. ರಾತ್ರಿ ಸಂಚಾರಕ್ಕೆ ನಿರ್ಬಂಧಗಳಿರುವ, ಆನೆ ಓಡಾಡುವ ದಾರಿಯಲ್ಲಿ ಕಾರು ಕೆಟ್ಟು ನಿಂತರೆ ಕುಟುಂಬದ ಗತಿ ಏನು? ಕೊಳ್ಳುವ ಮೊದಲು ನಿಮಗೆ ಗೊತ್ತಿರುವ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡು ಏರು ದಾರಿಯಲ್ಲಿ ಓಡಿಸಿ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಸವೆಯದಿದ್ದರೂ ಟೈರು ಹಳತಾಗಿರಬಹುದು.

ಪೆಟ್ರೋಲೋ ಡೀಸೆಲೋ?

ತಿಂಗಳಿಗೆ 500 ಕಿ.ಮೀ. ಓಡಾಟ ಎನ್ನಿ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ಲೀಟರು 100 ರೂ. ಎಂದುಕೊಂಡರೆ, ಸುಮಾರು 3,330 ರೂ. ಲೀಟರಿಗೆ 20 ಕಿ.ಮೀ. ಕೊಡುವ ಡೀಸೆಲ್ ಕಾರಿಗೆ, ಲೀಟರು 92 ಎಂದುಕೊಂಡರೆ, 2,300. ಉಳಿತಾಯ ತಿಂಗಳಿಗೆ ಸಾವಿರದಷ್ಟು. ಡೀಸೆಲ್ ಕಾರಿಗೆ 60,000 ಹೆಚ್ಚು ಕೊಟ್ಟಿದ್ದರೆ ಆ ಹಣ ಹುಟ್ಟಲು ಐದು ವರ್ಷ ಬೇಕು. ಅಷ್ಟರಲ್ಲಿ ಇಂಜೆಕ್ಟರ್ ಒಮ್ಮೆ ಕೆಟ್ಟರೆ ಲಾಭವೆಲ್ಲ ಹೋಯಿತು. ದಿನವೂ ದೂರ ಓಡಿಸುವವರಿಗೆ ಡೀಸೆಲ್ ಸರಿ; ವಾರಕ್ಕೊಮ್ಮೆ ತೆಗೆಯುವ ಮನೆಗೆ ಸಣ್ಣ ಪೆಟ್ರೋಲ್ ಕಾರು ಸಾಕು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಗಂಡ, ಹೆಂಡತಿ, ದುಡಿಯುವ ಮಕ್ಕಳು ಒಟ್ಟಿಗೆ ಕುಳಿತು ಬೆಲೆ, ತೆರಿಗೆ, ವಿಮೆ, ಇಂಧನ, ರಿಪೇರಿ ಎಂದು ಐದು ಸಾಲು ಬರೆದು ಕೂಡಿ ನೋಡಿ. ಮಕ್ಕಳ ಶಾಲಾ ಶುಲ್ಕಕ್ಕೆ ಕೈಹಾಕದೆ ಆ ಮೊತ್ತ ಹೊಂದುವುದಾದರೆ ಧೈರ್ಯವಾಗಿ ಕೊಳ್ಳಿ. ಹೊಂದದಿದ್ದರೆ ಇನ್ನೊಂದು ವರ್ಷ ಬಸ್ಸಿನಲ್ಲೇ ಹೋಗಿಬನ್ನಿ. ಸಾಲವಿಲ್ಲದ ಮನೆಯ ನಿದ್ದೆ ಯಾವ ಕಾರಿನ ಸೀಟಿನಲ್ಲೂ ಸಿಗುವುದಿಲ್ಲ.