ಹತ್ತರ ನಾಣ್ಯದಿಂದ ತೊಂಬತ್ತರ ನಾಣ್ಯಕ್ಕೆ: ಬೆಳ್ಳಿ ಎಷ್ಟು?

ಗಾಂಧೀಜಿ ಜನ್ಮಶತಾಬ್ದಿಯ ನೆನಪಿಗೆ 1969ರಲ್ಲಿ ಬಂದ 10 ರೂಪಾಯಿ ನಾಣ್ಯದ ತೂಕ 15 ಗ್ರಾಂ, ಬೆಳ್ಳಿಯ ಪಾಲು ಶೇ 80. ಅಂದರೆ 12 ಗ್ರಾಂ ಬೆಳ್ಳಿ. ಮುಖಬೆಲೆಯ (ನಾಣ್ಯದ ಮೇಲೆ ಅಚ್ಚಾದ ಮೌಲ್ಯ) ಪ್ರತಿ ರೂಪಾಯಿಗೆ 1.2 ಗ್ರಾಂ. 1939ರವರೆಗಿನ ಬ್ರಿಟಿಷ್ ಇಂಡಿಯಾದ ಒಂದು ರೂಪಾಯಿಯಲ್ಲಿ 10.69 ಗ್ರಾಂ ಇತ್ತು. 1940ರಲ್ಲಿ ಶುದ್ಧತೆಯನ್ನು ಶೇ 50ಕ್ಕೆ ಇಳಿಸಿದಾಗ ಅದು 5.83 ಗ್ರಾಂಗೆ ಬಂತು. 1947ರಲ್ಲಿ ರೂಪಾಯಿಯೇ ನಿಕ್ಕಲ್ ಆಯಿತು.

ಸ್ವಾತಂತ್ರ್ಯದ ಬೆಳ್ಳಿಹಬ್ಬದ 1972ರ 10 ರೂಪಾಯಿ ನಾಣ್ಯದ ತೂಕ 22.5 ಗ್ರಾಂ. ಗಾಂಧಿ ನಾಣ್ಯಕ್ಕಿಂತ ಶೇ 50 ಹೆಚ್ಚು. ವ್ಯಾಸವೂ 34 ಮಿ.ಮೀ.ನಿಂದ 39 ಮಿ.ಮೀ.ಗೆ ಏರಿತು. ಆದರೆ ಶುದ್ಧತೆ ಶೇ 50 ಆದ್ದರಿಂದ ಒಳಗಿನ ಬೆಳ್ಳಿ 11.25 ಗ್ರಾಂ, ಮೊದಲಿಗಿಂತ ಶೇ 6.25 ಕಡಿಮೆ. ನಾಣ್ಯ ದೊಡ್ಡದಾಯಿತು, ಬೆಳ್ಳಿ ಸಣ್ಣದಾಯಿತು.

ಮುಂದಿನ ಇಳಿಕೆ ಮುಖಬೆಲೆಯ ಮೂಲಕ ಬಂತು. 1973ರ 20 ರೂಪಾಯಿ ನಾಣ್ಯ 30 ಗ್ರಾಂ ತೂಗಿತು. ಶುದ್ಧತೆ ಅದೇ ಶೇ 50, ಪ್ರತಿ ರೂಪಾಯಿಗೆ 0.75 ಗ್ರಾಂ ಬೆಳ್ಳಿ. 1982ರ ಏಷ್ಯನ್ ಕ್ರೀಡಾಕೂಟದ 100 ರೂಪಾಯಿ ನಾಣ್ಯದ 35 ಗ್ರಾಂನಲ್ಲಿ ಬೆಳ್ಳಿ 17.5 ಗ್ರಾಂ, ಪ್ರತಿ ರೂಪಾಯಿಗೆ 0.175 ಗ್ರಾಂ. 13 ವರ್ಷಗಳಲ್ಲಿ ಶೇ 85ರ ಕುಸಿತ. ಇದಕ್ಕೆ ಟಂಕಸಾಲೆಯನ್ನಷ್ಟೇ ದೂರಿದರೆ ತಪ್ಪಾದೀತು: 1969ರಲ್ಲಿ ಔನ್ಸಿಗೆ 2 ಡಾಲರ್ ಆಸುಪಾಸಿನಲ್ಲಿದ್ದ ಬೆಳ್ಳಿ 1980ರ ಜನವರಿಯಲ್ಲಿ 50 ಡಾಲರ್ ಸಮೀಪಿಸಿತ್ತು.

ಹೊಸ ಸಂಸತ್ ಭವನ ಉದ್ಘಾಟನೆಯಾದ 2023ರ ಮೇ 28ರಂದು ಬಿಡುಗಡೆಯಾದ 75 ರೂಪಾಯಿ ನಾಣ್ಯದ್ದೂ ಅದೇ 35 ಗ್ರಾಂ ಅಚ್ಚು: ಬೆಳ್ಳಿ 17.5, ತಾಮ್ರ 14, ನಿಕ್ಕಲ್ ಮತ್ತು ಸತು ತಲಾ 1.75 ಗ್ರಾಂ. ಒಂದು ಬದಿಯಲ್ಲಿ ಅಶೋಕ ಸ್ತಂಭದ ಸಿಂಹಗಳು, ಕೆಳಗೆ ರೂಪಾಯಿ ಚಿಹ್ನೆಯೊಡನೆ 75. ಇನ್ನೊಂದು ಬದಿಯಲ್ಲಿ ಸಂಸತ್ ಸಂಕೀರ್ಣ, ಅದರಡಿ 2023. 44 ಮಿ.ಮೀ. ವ್ಯಾಸದ ಅಂಚಿನಲ್ಲಿ 200 ಗೀರುಗಳು, ಅಂದರೆ 0.7 ಮಿ.ಮೀ.ಗೊಂದು. ಕಿಲೋಗೆ 70,000 ರೂಪಾಯಿ ದರ ಹಿಡಿದರೂ ಇದರ ಬೆಳ್ಳಿಗೇ 1,225 ರೂಪಾಯಿ, ಮುಖಬೆಲೆಯ 16 ಪಟ್ಟು. ಇಂಥ ನಾಣ್ಯ ಚಲಾವಣೆಗೆ ಬರುವುದಿಲ್ಲ. 75 ಎಂಬುದು ಸ್ವಾತಂತ್ರ್ಯದ ವರ್ಷಗಳ ಎಣಿಕೆಯೇ ಹೊರತು ಬೆಲೆಯಲ್ಲ.

2024ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕಿನ 90 ವರ್ಷದ ನೆನಪಿಗೆ ಬಂದ 90 ರೂಪಾಯಿ ನಾಣ್ಯ ಅರ್ಧ ಬೆಳ್ಳಿಯ ರೂಢಿ ಮುರಿಯಿತು. 40 ಗ್ರಾಂ, ಅಷ್ಟೂ ಶುದ್ಧ ಬೆಳ್ಳಿ. ಹಿಂದಿನ ವರ್ಷದ ನಾಣ್ಯಕ್ಕಿಂತ ಬೆಳ್ಳಿ ಶೇ 129 ಹೆಚ್ಚು; ಪ್ರತಿ ರೂಪಾಯಿಗೆ 0.44 ಗ್ರಾಂ. 1969ರ 1.2 ಗ್ರಾಂಗೆ ಹೋಲಿಸಿದರೆ ಇದು ಇನ್ನೂ ಶೇ 37 ಮಾತ್ರ.

ಕೊಳ್ಳುವವರು ಮುಖಬೆಲೆ ನೋಡುವುದು ಬೇಡ. ತೂಕವನ್ನು ಶುದ್ಧತೆಯಿಂದ ಗುಣಿಸಿ, ಅಂದಿನ ಚಿನಿವಾರ ಪೇಟೆಯ ದರ ಹಾಕಿ. ಅದಕ್ಕಿಂತ ಹೆಚ್ಚು ಕೊಡುವ ಹಣವೆಲ್ಲ ಅಚ್ಚಿನ ಕೂಲಿ, ತೆರಿಗೆ ಮತ್ತು ಪೆಟ್ಟಿಗೆಯ ಲೆಕ್ಕಕ್ಕೆ.